ಆಣೆ ಬಿದ್ದ ಹಾಡು

ಕೋಡಿ, ಕುಂದಾಪುರ
12 ಜುಲೈ 1998

ಗೌರೀಶ,

ನೀನು ಮುಂಬಯಿಗೆ ಹೋಗಿ ನಾಲ್ಕು ತಿಂಗಳಾಯಿತು. ಬಂದದ್ದು ಒಂದೇ ಕಾಗದ, ಅದರಲ್ಲೂ ಅರ್ಧ ನಿನ್ನ ಚಿಕ್ಕಪ್ಪನ ಹೋಟೆಲಿನ ಇಡ್ಲಿಯ ಕತೆ. ಐತಾಳರ ಮಾಣಿ ಇಡ್ಲಿ ಬಿಟ್ಟು ಬೇರೆ ಎಂತ ಬರೆಯುತ್ತಾನೆ ಎಂದು ಸುಬ್ಬ ನಗಾಡಿದ. ನಮಗೆ ಬೇಕಾದದ್ದು ಕ್ಯಾಸೆಟ್ಟಿನ ಸುದ್ದಿ ಮಾರಾಯ. ನಮ್ಮ ‘ನೊರೆ’ ಬ್ಯಾಂಡಿನ ಮೊದಲ ಕ್ಯಾಸೆಟ್ಟು ಬರುತ್ತದೋ, ಬರುವುದಾದರೆ ಯಾವಾಗ, ಅಷ್ಟು ಬರೆ.

ಇಲ್ಲಿ ಕಡಲು ಎದ್ದಿದೆ, ದೋಣಿಗಳೆಲ್ಲ ಮೇಲೆ ಬಂದಿವೆ. ಮೀನಿಲ್ಲ ಎಂದ ಮೇಲೆ ಐಸೂ ಬೇಡ, ಐಸ್ ಪ್ಲಾಂಟಿಗೆ ಮತ್ತೆ ಬೀಗ ಬಿದ್ದಿದೆ. ನಿನ್ನೆ ಆ ದಾರಿಯಲ್ಲಿ ಹೋಗುವಾಗ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಹೋದ ವರ್ಷ ಇದೇ ತಿಂಗಳು ನಾವು ನಾಲ್ಕು ಜನ ಹತ್ತೊಂಬತ್ತು ದಿನ ಹಾಡು ರೆಕಾರ್ಡ್ ಮಾಡುತ್ತ ಅದರೊಳಗೆ ಇದ್ದೆವಲ್ಲ. ಹೊರಗೆ ಅಷ್ಟು ಮಳೆ ಹೊಡೆದರೂ ಆ ದಪ್ಪ ಗೋಡೆ ದಾಟಿ ಒಂದು ಹನಿಯ ಸದ್ದು ಒಳಗೆ ಬರಲಿಲ್ಲ. ಅಶೋಕ ಗಿಟಾರಿನ ತಂತಿಯನ್ನು ಮೀನು ಏಲಂ ಕೂಗುವ ಮೈಕಿಗೆ ಸಿಕ್ಕಿಸಿದ್ದು, ಬ್ರಹ್ಮಾವರದ ಕಡೆ ಮದುವೆ ದಿಬ್ಬಣಕ್ಕೆ ಬ್ಯಾಂಡು ಬಾರಿಸುವ ಸುಬ್ಬ ಚಳಿಗೆ ರೈನ್‌ಕೋಟು ಹಾಕಿಕೊಂಡೇ ಡ್ರಮ್ ಬಾರಿಸಿದ್ದು, ನೀನು ಆರ್ಗನ್ನಿನ ಮುಂದೆ ಮಂತ್ರ ಹೇಳುವ ಹಾಗೆ ಕಣ್ಣು ಮುಚ್ಚಿ ಕೂತದ್ದು. ಇದಕ್ಕೆ ಸೈಕೆಡೆಲಿಕ್ ರಾಕ್ ಅಂತ ಹೆಸರು ಎಂದು ನೀನು ಹೇಳಿಕೊಟ್ಟೆ. ಆ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ತಲೆ ತಿರುಗುವ ಹಾಡು ಎಂದರೆ ನನಗೆ ಸಾಕು. ಅಲ್ಲಿಯ ಅಮೋನಿಯಾ ವಾಸನೆಗೆ ತಲೆ ತಿರುಗಿದ್ದಂತೂ ಸುಳ್ಳಲ್ಲ.

ಹೆತ್ತವಳಲ್ಲವಾ, ಅಬ್ಬಿ ದಿನಾ ಕ್ಯಾಸೆಟ್ಟು ಬಂತಾ ಎಂದು ಕೇಳುತ್ತಾಳೆ. ನಾನು ‘ಏಳು ಮಾರು ನೀರು’ ಹಾಡು ಹೇಳಿದ ದಿನ ಅವಳು ನಮಗೆ ಗಂಜಿ ತಂದಿದ್ದಳು, ನಿನಗೆ ನೆನಪಿರಬಹುದು. ನನ್ನ ಅಣ್ಣ ಬಚ್ಚಣ್ಣ ಕಡಲಪಾಲಾಗಿ ಆಗ ಎರಡು ವರ್ಷ. ಹೆಣ ಸಿಕ್ಕಿರಲಿಲ್ಲ, ಹಾಗಾಗಿ ಮನೆಯಲ್ಲಿ ಅತ್ತು ಮುಗಿಸಿದ್ದೂ ಇಲ್ಲ, ಅವನ ಹೆಸರು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಅಣ್ಣ ಗುಂಡು ಕಟ್ಟಿದ ಹಗ್ಗ ಇಳಿಸಿ ನೀರಿನ ಆಳ ನೋಡುತ್ತಿದ್ದ ಹಾಗೆ ಒಂದೊಂದು ಮಾರು ಇಳಿದುಕೊಂಡು ನಾನು ಆ ಹಾಡು ಕಟ್ಟಿದ್ದು. ‘ಒಂದ್ ಮಾರಿಗೆ ಬೆಳಕಿತ್ತ್, ಬಚ್ಚಣ್ಣಾ, ನಿನ್ ತಲಿ ವಸ್ತ್ರ ಕಂಡಿತ್ತ್’ ಎಂದು ಶುರು ಮಾಡಿದಾಗ ಅಬ್ಬಿ ಮಗುಚಿಟ್ಟ ಐಸ್ ಡಬ್ಬಿಯ ಮೇಲೆ ಕೂತಳು. ಏಳನೇ ಮಾರು ಮುಗಿಯುವ ತನಕ ಏಳಲಿಲ್ಲ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು: “ಬಚ್ಚನ್ ಹೆಸ್ರ್ ಕರೂಕೆ ಒಬ್ಬನಾದ್ರೂ ಇದ್ದ.”

ಈಗ ಮೀನು ಹೊತ್ತು ಹೋದ ಮನೆಯಲ್ಲೆಲ್ಲ ಮಗನ ಹಾಡು ಕ್ಯಾಸೆಟ್ಟಿನಲ್ಲಿ ಬರುತ್ತದೆ ಎಂದು ಹೇಳಿಕೊಂಡು ಬಂದಿದ್ದಾಳೆ. ಇರುವುದು ಒಂದೇ ಟೇಪು, ಅದು ನಿನ್ನ ಕೈಯಲ್ಲಿದೆ. ಒಬ್ಬೊಬ್ಬರ ಸದ್ದನ್ನು ಬೇರೆ ಬೇರೆ ಹಿಡಿಯುವ ನಿನ್ನ ಆ ನಾಲ್ಕು ದಾರಿಯ ರೆಕಾರ್ಡರ್ ಬಿಟ್ಟು ಬೇರೆಯದರಲ್ಲಿ ಹಾಕಿದರೆ ಕೋಣ ನರಳಿದ ಹಾಗೆ ಕೇಳುತ್ತದೆ ಎಂದು ನೀನೇ ಹೇಳಿದ್ದೆ. ಜಾಗ್ರತೆ ಮಾಡು.

ಇಂತಿ,
ಚಂದ್ರ

*

ಮುಂಬಯಿ
3 ಅಕ್ಟೋಬರ್ 1998

ಪ್ರಿಯ ಚಂದ್ರ,

ನಿನ್ನ ಬೈಗುಳ ತಲುಪಿತು. ಈಗ ಒಳ್ಳೆಯ ಸುದ್ದಿ. ಇಲ್ಲಿಯ ಒಂದು ಸಣ್ಣ ಕಂಪನಿ ನಮ್ಮನ್ನು ತೆಗೆದುಕೊಂಡಿದೆ. ಡಿಸೆಂಬರ್ ಹೊತ್ತಿಗೆ ಕ್ಯಾಸೆಟ್ ಹೊರಗೆ ಬರುತ್ತದೆ. ಅಶೋಕನಿಗೂ ಸುಬ್ಬನಿಗೂ ಹೇಳು. ಏಳು ತಿಂಗಳಲ್ಲಿ ಎಷ್ಟು ಆಫೀಸಿನ ಬೆಂಚು ಕಾಯಿಸಿದೆ ಎಂದು ನಾನು ಬರೆಯಲಿಲ್ಲ, ಇಡ್ಲಿಯ ಬಗ್ಗೆ ಬರೆದೆ, ಏಕೆಂದರೆ ಬರೆಯಲು ಬೇರೇನೂ ಇರಲಿಲ್ಲ.

ಅವರು ಒಂದೆರಡು ತಿದ್ದುಪಡಿ ಕೇಳಿದ್ದಾರೆ. ಇಲ್ಲಿ ಹದಿನಾರು ದಾರಿಯ ಮೆಷಿನ್ ಇದೆ, ನಮ್ಮ ಟೇಪನ್ನು ಅದಕ್ಕೆ ಇಳಿಸಿ ಕೆಲವು ಕಡೆ ಮತ್ತೆ ನುಡಿಸಬೇಕು. ಕೆಲವು ಶಬ್ದ ಕುಂದಾಪುರ ದಾಟಿದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಮಾತೂ ಬಂತು. ನಿನ್ನನ್ನು ಕರೆಸಬೇಕೆಂದಿದ್ದೆ, ಆದರೆ ಈಗ ಸೀಸನ್ ಶುರುವಾಗಿದೆ, ದೋಣಿ ಬಿಟ್ಟು ಬರುವುದು ನಿನಗೆ ಕಷ್ಟ. ಸ್ಟುಡಿಯೋ ಸಿಕ್ಕಿದ್ದು ಮೂರೇ ದಿನಕ್ಕೆ. ನಾನೇ ಹೇಗಾದರೂ ಸುಧಾರಿಸುತ್ತೇನೆ.

ಸಾಲಿಗ್ರಾಮಕ್ಕೆ ಬಂದಾಗ ನಮ್ಮ ಮನೆಗೆ ಹೋಗಿ ಬಾ. ದೇವಸ್ಥಾನದ ಕೆಲಸ ಮುಗಿಸಿ ಅಪ್ಪಯ್ಯ ಹನ್ನೆರಡಕ್ಕೆ ಬರುತ್ತಾರೆ. ಅಬ್ಬಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ಗೌರೀಶ

*

ಕೋಡಿ, ಕುಂದಾಪುರ
21 ಜನವರಿ 1999

ಶ್ರೀ ಗೌರೀಶ ಐತಾಳರಿಗೆ,

ತಮ್ಮ ಕ್ಯಾಸೆಟ್ಟು ಬಂತು. ತಾವು ಕಳಿಸಿದ್ದಲ್ಲ, ಬಸ್ಸಿನಲ್ಲಿ ಬಂತು.

ಹೋದ ವಾರ ಇಂಜಿನಿನ ಸಾಮಾನು ತರಲಿಕ್ಕೆ ಬೈಂದೂರಿಗೆ ಹೊರಟಿದ್ದೆ. ಡ್ರೈವರ್ ಪದ್ದು ನಮ್ಮ ಕೇರಿಯವನೇ. ತಲ್ಲೂರು ದಾಟುವಾಗ ಹಿಂದೆ ತಿರುಗಿ, “ಹ್ವಾಯ್ ಚಂದ್ರ, ನಿನ್ ಹಾಡ್ ಬಂತ್ ಕಾಣ್” ಎಂದು ಕೂಗಿ ಟೇಪಿನ ಸದ್ದು ಏರಿಸಿದ. ಬಸ್ಸಿನವರೆಲ್ಲ ನನ್ನ ಮುಖ ನೋಡಿದರು. ನಾನೂ ಮದುಮಗನ ಹಾಗೆ ಕೂತುಕೊಂಡೆ. ಸುಬ್ಬನ ಡ್ರಮ್ ಬಂತು, ಅಶೋಕನ ಗಿಟಾರು ಬಂತು, ಆರ್ಗನ್ ಬಂತು. ಆಮೇಲೆ ಹಾಡಿದ್ದು ನೀನು.

ನಿನ್ನ ಗಂಟಲು ಚೆನ್ನಾಗಿದೆ ಗೌರೀಶ, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಯಾರನ್ನು ಕರೆದೆ? ‘ಒಂದು ಮಾರಿಗೆ ಬೆಳಕಿತ್ತು, ಓ ನಾವಿಕ.’ ಯಾವ ನಾವಿಕ? ನನ್ನ ಅಣ್ಣ ನಾವಿಕನಲ್ಲ. ಕೈರಂಪಣಿ ಬಲೆ ಎಳೆಯುವವ, ಹರಿದ ಚಡ್ಡಿ ಹಾಕುವವ, ಬೀಡಿ ಸೇದುವವ, ಅವನ ಹೆಸರು ಬಚ್ಚ. ಏಳು ಸಲ ಅವನನ್ನು ಕರೆಯುತ್ತೇನೆ ಆ ಹಾಡಿನಲ್ಲಿ. ನೀನು ಏಳು ಸಲವೂ ಅವನನ್ನು ಮುಳುಗಿಸಿದೆ. ತ್ರಾಸಿ ಬರುವ ತನಕ ಹನ್ನೊಂದು ನಿಮಿಷ ಅದನ್ನು ಕೇಳಿದೆ. ಪದ್ದು ಕನ್ನಡಿಯಲ್ಲಿ ನನ್ನನ್ನು ನೋಡಿ ಮೆಲ್ಲ ಸದ್ದು ಇಳಿಸಿದ. ನಾನು ತ್ರಾಸಿಯಲ್ಲಿ ಇಳಿದು ವಾಪಸು ಬಸ್ಸು ಹತ್ತಿದೆ.

ಪೇಟೆಯಲ್ಲಿ ಒಂದು ಕ್ಯಾಸೆಟ್ಟು ಕೊಂಡು ರಟ್ಟಿನ ಮೇಲೆ ಬರೆದದ್ದನ್ನೂ ಓದಿದೆ. ಪದ, ರಾಗ, ಗಾಯನ ಮೂರೂ ನಿನ್ನದು. ನನ್ನ ಹೆಸರು ಕೊನೆಯಲ್ಲಿ, ಉಪಕಾರ ಸ್ಮರಣೆಯಲ್ಲಿ, ಸಾಮಾನು ಹೊತ್ತ ವ್ಯಾನಿನ ಡ್ರೈವರನ ಪಕ್ಕ ಇದೆ. ಅಬ್ಬಿ ಪಕ್ಕದ ಮನೆಯಿಂದ ಟೇಪ್‌ರೆಕಾರ್ಡರ್ ತಂದು, ಮಿಂದು, ಬೇರೆ ಸೀರೆ ಉಟ್ಟು ಕೇಳಲಿಕ್ಕೆ ಕೂತಳು. ಬೇಡ ಎಂದರೂ ಕೇಳಲಿಲ್ಲ. ಮುಗಿದ ಮೇಲೆ ನನ್ನ ಕಡೆ ತಿರುಗಿ, “ಬಚ್ಚನ್ ಹೆಸ್ರ್ ಎಲ್ಲಿಗ್ ಹೋಯ್ತ್ ಮಗಾ?” ಎಂದು ಕೇಳಿದಳು. ನಾನು ಎಂತ ಹೇಳಲಿ? ನೀನೇ ಹೇಳು, ಎಂತ ಹೇಳಬೇಕಿತ್ತು?

ಮೊನ್ನೆ ಮಂಗಳವಾರ ಮಿಂದು, ಕಡಲಿಗೆ ಹೋಗುವವರನ್ನು ಕಾಯುವ ಬೊಬ್ಬರ್ಯನ ಗುಡಿಗೆ ಹೋಗಿ ಕಾಯಿ ಇಟ್ಟು ಆಣೆ ಹಾಕಿದ್ದೇನೆ. ಈ ಹಾಡು ಇನ್ನು ಗೌರೀಶನ ಬಾಯಿಂದ ಬರಬಾರದು ಎಂದೆ. ಆಣೆ ಒಬ್ಬನ ಮೇಲೆ ಮಾತ್ರ ಹಾಕುವ ಕ್ರಮ ನಮ್ಮಲ್ಲಿ ಇಲ್ಲ, ಹಾಕಿದವನಿಗೂ ಅದೇ ಕಟ್ಟು. ನನ್ನ ಬಾಯಿಂದಲೂ ಬರಬಾರದು ಎಂದೆ. ಇವತ್ತಿಂದ ನಿಮ್ಮ ಮನೆಯ ನೀರು ನಮಗಿಲ್ಲ, ನಮ್ಮ ಮನೆಯ ನೀರು ನಿಮಗಿಲ್ಲ. ಬಿಡಿಸುವುದಾದರೆ ಇಬ್ಬರೂ ಒಟ್ಟಿಗೆ ನಿಂತು ಆ ಕಾಯಿ ಎತ್ತಬೇಕು. ಅಬ್ಬಿ ಬೇಡ ಬೇಡ ಎಂದು ಗುಡಿಯ ಬಾಗಿಲ ತನಕ ಹಿಂದೆ ಬಂದಳು. ನಾನು ಕೇಳಲಿಲ್ಲ.

ಚಂದ್ರ

*

ಮುಂಬಯಿ
9 ಮಾರ್ಚ್ 1999

ಚಂದ್ರ,

ನಿನ್ನ ಕಾಗದ ಓದಿ ಮೊದಲು ನಗು ಬಂತು. ಕಾಯಿ ಇಟ್ಟರೆ ಹಾಡು ನಿಲ್ಲುತ್ತದೆಯೇ? ನಾನು ಹಾಡದಿದ್ದರೆ ಕ್ಯಾಸೆಟ್ಟೇ ಬರುತ್ತಿರಲಿಲ್ಲ. ನಿನ್ನ ಹಾಡು ಕೇಳಿ ಕಂಪನಿಯ ಆ ಮನುಷ್ಯ ಆಡಿದ ಮಾತನ್ನು ನಾನು ಇಲ್ಲಿ ಬರೆಯಲಾರೆ. ಅದನ್ನು ಕೇಳಿಸಿಕೊಂಡವನು ನಾನು, ನೀನಲ್ಲ. ನಾಲ್ಕು ದಾರಿಯಲ್ಲಿ ಮೂರನ್ನು ಉಳಿಸಿಕೊಂಡೆ, ನಿನ್ನ ದನಿಯ ಒಂದನ್ನು ಬಿಟ್ಟುಕೊಟ್ಟೆ. ಎಲ್ಲವನ್ನೂ ಕಳೆದುಕೊಂಡು ಊರಿಗೆ ಬಂದಿದ್ದರೆ ನಿನಗೆ ಸಮಾಧಾನವಾಗುತ್ತಿತ್ತೇ? ಹೆಸರಿನ ವಿಷಯದಲ್ಲಿ ತಪ್ಪಾಯಿತು. ಅವರು ಒಬ್ಬನ ಹೆಸರು ಸಾಕು ಎಂದರು, ನಾನು ಸುಮ್ಮನಿದ್ದೆ.

ಆಮೇಲೆ ಅಪ್ಪಯ್ಯ ಫೋನ್ ಮಾಡಿದರು. ಯಾವ ಗುಡಿಯಾದರೇನು, ಆಣೆ ಆಣೆಯೇ, ಆ ಹುಡುಗನ ಕೈ ಹಿಡಿದು ಬಿಡಿಸಿಕೊಂಡು ಬಾ ಎಂದರು. ನಿನ್ನ ಅಬ್ಬಿ ದೇವಸ್ಥಾನಕ್ಕೆ ಬಂದಾಗ ನನ್ನ ಅಮ್ಮ ಎಂದಿನಂತೆ ಮಜ್ಜಿಗೆ ತಂದರಂತೆ. ಅಬ್ಬಿ ದೂರದಲ್ಲೇ ನಿಂತು ಕೈ ಮುಗಿದು ಬೇಡ ಎಂದರಂತೆ. ಅಮ್ಮ ಆ ದಿನ ಊಟ ಮಾಡಲಿಲ್ಲ ಎಂದು ಅಪ್ಪಯ್ಯ ಹೇಳಿದರು.

ಹೋದ ಶನಿವಾರ ಪುಣೆಯಲ್ಲಿ ಕಾರ್ಯಕ್ರಮ ಇತ್ತು. ಇಲ್ಲಿಯ ಹುಡುಗರನ್ನು ಸೇರಿಸಿಕೊಂಡು ಹೋಗಿದ್ದೆ. ಆ ಹಾಡು ಬಂದಾಗ ಬಾಯಿ ತೆರೆದೆ, ದನಿ ಹೊರಡಲಿಲ್ಲ. ಬರೀ ವಾದ್ಯ ನುಡಿಸಿ ಮುಗಿಸಿದೆವು. ಇದೂ ಇಂಥ ಸಂಗೀತದ ಒಂದು ಪದ್ಧತಿ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಮರುದಿನ ಕಂಪನಿಗೆ ಹೋಗಿ ಆ ಹಾಡು ಇನ್ನು ಹಾಡುವುದಿಲ್ಲ ಎಂದೆ. ಹಾಗಾದರೆ ನೀನೂ ಬೇಡ ಎಂದರು. ನಿನಗೆ ಬೇಕಾದದ್ದು ಇದೇ ಆಗಿದ್ದರೆ ಅದು ಆಯಿತು.

ಆದರೆ ಕಾಯಿ ಎತ್ತಲು ನಾನಾಗಿ ಬರುವುದಿಲ್ಲ. ಇಟ್ಟವನು ನೀನು. ಕರೆಯಬೇಕಾದವನೂ ನೀನೇ.

ಗೌರೀಶ

*

ಕೋಡಿ, ಕುಂದಾಪುರ
2 ಆಗಸ್ಟ್ 2003

ಗೌರೀಶಣ್ಣನಿಗೆ ಸರೋಜಳ ನಮಸ್ಕಾರಗಳು.

ನೀವು ನನ್ನನ್ನು ಕಂಡಿಲ್ಲ. ನಾನು ಚಂದ್ರ ಅವರ ಹೆಂಡತಿ, ತವರು ಬೈಂದೂರಿನ ಹತ್ತಿರ. ಮದುವೆಯಾಗಿ ಮೂರು ವರ್ಷವಾಯಿತು, ಒಂದೂವರೆ ವರ್ಷದ ಮಗಳಿದ್ದಾಳೆ, ಮೋಕ್ಷಿತಾ. ನಿಮ್ಮ ವಿಳಾಸವನ್ನು ಸಾಲಿಗ್ರಾಮಕ್ಕೆ ಹೋಗಿ ನಿಮ್ಮ ತಾಯಿಯವರಿಂದ ತಂದೆ. ನಾನು ಬರೆಯುತ್ತಿರುವುದು ಇವರಿಗೆ ಗೊತ್ತಿಲ್ಲ.

ಅತ್ತೆಗೆ ಹುಷಾರಿಲ್ಲ. ಕುಂದಾಪುರದ ಆಸ್ಪತ್ರೆಯಲ್ಲಿ ಹೊಟ್ಟೆಯಲ್ಲಿ ಗಡ್ಡೆ ಎಂದರು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಗಂಜಿ ತಿಳಿ ಎರಡು ಚಮಚ ಇಳಿದರೆ ಹೆಚ್ಚು. ಅವರು ಔಷಧಿ ಕೇಳುವುದಿಲ್ಲ, ದೊಡ್ಡ ಡಾಕ್ಟರನ್ನು ಕೇಳುವುದಿಲ್ಲ. ಇವರು ಕಡಲಿಂದ ಬಂದು ಪಕ್ಕದಲ್ಲಿ ಕೂತ ಕೂಡಲೇ ಒಂದೇ ಮಾತು, “ಬಚ್ಚನ್ ಹಾಡ್ ಒಂದ್ ಸಲ ಹೇಳ್ ಮಗಾ, ಕೇಂಡ್ಕಂಡ್ ಹೋತೆ” ಅನ್ನುತ್ತಾರೆ. ಇವರು ಎದ್ದು ಹೊರಗೆ ಹೋಗುತ್ತಾರೆ. ದಿನಾ ಇದೇ ಆಗಿದೆ. ನಿಮ್ಮ ಕ್ಯಾಸೆಟ್ಟನ್ನಾದರೂ ಹಾಕುವ ಎಂದು ನಾನು ಹುಡುಕಿ ತಂದೆ. ಅದು ಬೇಡ ಎಂದು ಅತ್ತೆ ಗೋಡೆಯ ಕಡೆ ತಿರುಗಿಕೊಂಡರು.

ಹೆತ್ತವಳಿಗಾಗಿ ಹಾಡಿದರೆ ಯಾವ ದೇವರು ಎಂತ ಮಾಡುತ್ತದೆ, ಹಾಡಿ ಎಂದು ನಾನು ಬಾಯಿಬಿಟ್ಟು ಹೇಳಿದೆ. ಬೊಬ್ಬರ್ಯನ ಎದುರು ಆಡಿದ ಮಾತು, ನಾನು ದಿನಾ ಕಡಲಿಗೆ ಹೋಗುವವ, ಮಗು ಸಣ್ಣದು ಎಂದರು. ಅವರ ಅಣ್ಣ ಹೋದ ಮನೆ ಇದು, ಒತ್ತಾಯ ಮಾಡಲು ನನಗೂ ಹೆದರಿಕೆಯಾಯಿತು. ಮೊನ್ನೆ ಗುಡಿಯಲ್ಲಿ ದೈವ ಮೈಮೇಲೆ ಬಂದು ನುಡಿ ಕೊಡುವ ಪಾತ್ರಿಯನ್ನು ಕೇಳಿ ಬಂದರು. ಇಬ್ಬರೂ ಬರಬೇಕು ಅಂದರಂತೆ. ಅಷ್ಟು ಹೇಳಿ ಬಲೆ ಹೊಲಿಯಲು ಕೂತರು.

ಅಣ್ಣ, ಈಗ ಮುಂಬಯಿಯಿಂದ ರೈಲು ಇದೆ, ಮರುದಿನ ಇಲ್ಲಿಗೆ ಮುಟ್ಟಬಹುದು. ಕಾಯಿ ಎತ್ತಿ ಅದೇ ದಿನ ವಾಪಸು ಹೋಗಿ. ನಮ್ಮ ಮನೆಗೆ ಬರುವುದು ಬೇಡ, ಮಾತಾಡುವುದೂ ಬೇಡ. ಅತ್ತೆಗೆ ಹೆಚ್ಚು ದಿನ ಇಲ್ಲ.

ಇಂತಿ ನಿಮ್ಮ ತಂಗಿ,
ಸರೋಜ

*

ಮುಂಬಯಿ
14 ಆಗಸ್ಟ್ 2003

ಸರೋಜಾ,

ನಿನ್ನ ಕಾಗದ ನೋಡಿ ಸಂಕಟವಾಯಿತು. ಅಬ್ಬಿಯ ಕೈಯ ಗಂಜಿ ಉಂಡವನು ನಾನು. ಬರುತ್ತೇನೆ.

ಆದರೆ ಚಂದ್ರ ಒಂದು ಸಾಲು ಬರೆಯಲಿ. ಕ್ಷಮೆ ಕೇಳುವುದು ಬೇಡ, ವಿವರ ಬೇಡ. ‘ಬಾ’ ಎಂದು ಒಂದೇ ಅಕ್ಷರ ಸಾಕು. ಆ ಆಣೆಯಿಂದ ನಾನು ಹಾಡುವುದನ್ನೇ ಬಿಟ್ಟು ಈಗ ಸಾಬೂನು, ಟೂತ್‌ಪೇಸ್ಟಿನ ಜಾಹೀರಾತಿಗೆ ಟ್ಯೂನು ಹಾಕಿ ಬದುಕುತ್ತಿದ್ದೇನೆ. ಹೆಂಡತಿ ಗುಟ್ಟಾಗಿ ಬರೆದಳು ಎಂದು ಓಡಿ ಬಂದು ಅವನ ಎದುರು ನಿಂತರೆ ಅವನು ಮುಖ ತಿರುಗಿಸಿ ಹೋಗುವುದಿಲ್ಲ ಎಂದು ನಂಬುವುದು ಹೇಗೆ? ಅವನ ಅಕ್ಷರ ಬಂದ ದಿನ ನಾನು ರೈಲು ಹತ್ತುತ್ತೇನೆ.

ಗೌರೀಶ

*

ಕೋಡಿ, ಕುಂದಾಪುರ
25 ಆಗಸ್ಟ್ 2003

ಗೌರೀಶ,

ಸರೋಜ ನಿನ್ನ ಕಾಗದವನ್ನು ನನ್ನ ಎದುರು ಇಟ್ಟು ಅತ್ತಳು. ಅವಳು ಬರೆದದ್ದಕ್ಕೆ ನಾನು ಬೈಯಲಿಲ್ಲ. ನಾಲ್ಕು ವರ್ಷದಲ್ಲಿ ಈ ಮನೆಯಲ್ಲಿ ಬುದ್ಧಿಯಿರುವ ಕೆಲಸ ಅದೊಂದೇ ಆದದ್ದು.

ನಿನಗೆ ನನ್ನ ಅಕ್ಷರ ಬೇಕಂತೆ. ಅಬ್ಬಿ ನಿನ್ನ ಬಾಳೆಲೆಗೆ ಬಡಿಸುವಾಗ ಯಾರ ಅಕ್ಷರ ಕೇಳಿದ್ದಳು? ಐಸ್ ಪ್ಲಾಂಟಿನಲ್ಲಿ ನಿನಗೆ ಜ್ವರ ಬಂದು ಮೂರು ದಿನ ನಮ್ಮ ಮನೆಯಲ್ಲಿ ಮಲಗಿದ್ದಾಗ ಮೀನಿನ ಬುಟ್ಟಿಯನ್ನು ಹೊರಗಿಟ್ಟು, ಪಾತ್ರೆ ತಿಕ್ಕಿ ತಿಕ್ಕಿ, ನಿನಗೆ ಬೇರೆ ಒಲೆ ಹೂಡಿದವಳು ಅವಳು. ಅವಳ ಹೆಸರಿನಲ್ಲಿ ಬರಲಿಕ್ಕೆ ನನ್ನ ಚೀಟಿ ಬೇಕಾದರೆ ನೀನು ಬರುವುದು ಯಾರಿಗಾಗಿ? ಎಂಟು ಸಲ ಬರೆದು ಹರಿದೆ. ಕೈ ಆ ಅಕ್ಷರಕ್ಕೆ ಹೋಗುವುದಿಲ್ಲ. ನಿನ್ನ ‘ನಾವಿಕ’ ಎದುರು ಬಂದು ನಿಲ್ಲುತ್ತಾನೆ.

ನಿನ್ನನ್ನು ಕರೆಯುವುದಿಲ್ಲ. ಬರಬೇಡ ಎಂದೂ ಬರೆಯುವುದಿಲ್ಲ. ಮಂಗಳವಾರ, ಶುಕ್ರವಾರ ಗುಡಿ ತೆರೆದಿರುತ್ತದೆ. ಅಬ್ಬಿಗೆ ನಿನ್ನೆಯಿಂದ ಗಂಜಿ ತಿಳಿಯೂ ಇಳಿಯುತ್ತಿಲ್ಲ.

ಚಂದ್ರ

*

ಕೋಡಿ
19 ಸೆಪ್ಟೆಂಬರ್ 2003

ಅಬ್ಬಿ ಮೊನ್ನೆ ಮಂಗಳವಾರ ಬೆಳಿಗ್ಗೆ ತೀರಿಕೊಂಡಳು. ಕೊನೆಯ ತನಕ ಬುದ್ಧಿ ಸರಿಯಿತ್ತು. ನಾನು ಹಾಡಲಿಲ್ಲ. ನಿನ್ನ ಅಪ್ಪಯ್ಯ ಬಂದು ಅಂಗಳದಲ್ಲಿ ನಿಂತು ಹೋದರು, ನೀರು ಕುಡಿಯಲಿಲ್ಲ.

ಚಂದ್ರ

*

ಮುಂಬಯಿ
6 ಫೆಬ್ರವರಿ 2011

ಪ್ರಿಯ ಚಂದ್ರ,

ಏಳು ವರ್ಷದ ಮೇಲೆ ಬರೆಯುತ್ತಿದ್ದೇನೆ. ನಿನ್ನ ಆ ಕಾರ್ಡಿಗೆ ಉತ್ತರ ಬರೆಯಲು ಕೂತಾಗಲೆಲ್ಲ ಒಂದೇ ಸಾಲಿಗೆ ನಿಲ್ಲುತ್ತಿತ್ತು. ಈಗ ಬರೆಯಲೇಬೇಕಾದ ಕಾರಣ ಬಂದಿದೆ.

ನಮ್ಮ ಕ್ಯಾಸೆಟ್ಟು ಯಾರೋ ಹುಡುಗರಿಗೆ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತಂತೆ. ಅದನ್ನು ಇಂಟರ್‌ನೆಟ್ಟಿಗೆ ಹಾಕಿದರು. ಹನ್ನೆರಡು ವರ್ಷ ಯಾರೂ ಮೂಸಿ ನೋಡದಿದ್ದುದನ್ನು ಈಗ ಸಾವಿರಾರು ಜನ ಕೇಳುತ್ತಿದ್ದಾರೆ. ವಿದೇಶದ ಒಂದು ಸಂಸ್ಥೆ ಅದನ್ನು ಹಳೆಯ ಕಾಲದ ದೊಡ್ಡ ರೆಕಾರ್ಡ್ ಆಗಿ ಮತ್ತೆ ತರುತ್ತದೆ. ಮೂಲ ಟೇಪು ಇದೆಯೇ ಎಂದು ಕೇಳಿದರು. ಐಸ್ ಪ್ಲಾಂಟಿನ ಟೇಪನ್ನು ಕೊಟ್ಟೆ. ನಿನ್ನ ದನಿ ಅದರಲ್ಲಿ ಹಾಗೇ ಇದೆ, ನಾನು ಅಳಿಸಿರಲಿಲ್ಲ. ಕೇಳಿದ ಮೇಲೆ ಅವರು ನನ್ನ ದನಿ ಬೇಡ, ಇದೇ ಬೇಕು ಎಂದರು. ನೀನು ನಗಬಹುದು.

ಒಪ್ಪಿಗೆ ಪತ್ರ ಇದರ ಜೊತೆಗಿದೆ, ಸಹಿ ಹಾಕಿ ಕಳಿಸು. ಪದವೂ ರಾಗವೂ ನಿನ್ನದೆಂದೇ ಅಚ್ಚಾಗುತ್ತದೆ. ಬಿಡುಗಡೆಯ ದಿನ ಬೆಂಗಳೂರಿನಲ್ಲಿ ನಾಲ್ವರೂ ಸೇರಿ ಆ ಹಾಡು ಹಾಡಬೇಕೆಂದು ಅವರ ಆಸೆ. ಅಶೋಕ, ಸುಬ್ಬ ಒಪ್ಪಿದ್ದಾರೆ. ಅದಕ್ಕೆ ಆಣೆ ಬಿಡಿಸಬೇಕು. ನಾನು ಬರುತ್ತೇನೆ, ಈ ಸಲ ಯಾವ ಅಕ್ಷರವೂ ಬೇಡ.

ಇನ್ನೊಂದು ಮಾತು. ಇದನ್ನು ಮುಚ್ಚಿಟ್ಟು ನಿನ್ನ ಎದುರು ನಿಲ್ಲಲಾರೆ. ಆಣೆ ಇದ್ದದ್ದು ಬಾಯಿಗೆ, ಟೇಪಿಗೆ ಇರಲಿಲ್ಲ. ಅದು ನನಗೆ ಆಗಲೇ ಹೊಳೆದಿತ್ತು. 2003ರಲ್ಲಿ ಸರೋಜಳ ಕಾಗದ ಬಂದ ವಾರವೇ ನಿನ್ನ ದನಿಯ ಆ ಹಾಡನ್ನು ಮಾಮೂಲಿ ಕ್ಯಾಸೆಟ್ಟಿಗೆ ಇಳಿಸಿದೆ. ಅಬ್ಬಿಯ ಹೆಸರಿಗೆ ಪಾರ್ಸೆಲ್ ಕಟ್ಟಿ ವಿಳಾಸ ಬರೆದೆ. ಅಷ್ಟರಲ್ಲಿ ‘ಕರೆಯುವುದಿಲ್ಲ’ ಎಂಬ ನಿನ್ನ ಕಾಗದ ಬಂತು. ಪಾರ್ಸೆಲನ್ನು ಕಪಾಟಿನಲ್ಲಿಟ್ಟೆ. ನಾಳೆ ಕಳಿಸಿದರಾಯಿತು ಎಂದು ಇಪ್ಪತ್ತು ದಿನ ಇಟ್ಟೆ. ಆಮೇಲೆ ನಿನ್ನ ಕಾರ್ಡು ಬಂತು.

ಆಗ ನನಗೆ ಕೋಪ ಇತ್ತು. ಈಗ ಇಲ್ಲ.

ನಿನ್ನ,
ಗೌರೀಶ

*

ಕೋಡಿ, ಕುಂದಾಪುರ
2 ಮಾರ್ಚ್ 2011

ಗೌರೀಶ,

ನಿನ್ನ ಕಾಗದವನ್ನು ಮೊದಲು ಸರೋಜ ಓದಿದಳು. ಪಾರ್ಸೆಲಿನ ಕಡೆ ಬಂದಾಗ ನಿಲ್ಲಿಸಿ, ನೀವೇ ಓದಿಕೊಳ್ಳಿ ಎಂದು ಕೊಟ್ಟು ಒಳಗೆ ಹೋದಳು.

ಇಪ್ಪತ್ತು ದಿನ. ಆ ಇಪ್ಪತ್ತು ದಿನ ಈ ಮನೆಯಲ್ಲಿ ಎಂತ ಆಗುತ್ತಿತ್ತು ಎಂದು ನಿನಗೆ ಗೊತ್ತಿತ್ತು, ಸರೋಜ ಬರೆದಿದ್ದಳು. ಅಬ್ಬಿ ಕೊನೆ ಕೊನೆಗೆ ಹಾಡು ಕೇಳುವುದನ್ನು ಬಿಟ್ಟಳು. ನನಗೆ ಕಷ್ಟವಾಗುತ್ತದೆ ಎಂದು ಬಿಟ್ಟಳು. ನಾನು ಪಕ್ಕದಲ್ಲಿ ಕೂತರೆ ಈ ಸಲ ಬಂಗುಡೆ ಹೇಗೆ ಬಿತ್ತು ಎಂದು ಬೇರೆ ಮಾತು ತೆಗೆಯುತ್ತಿದ್ದಳು. ನಾಲಗೆ ಕಟ್ಟಿಕೊಂಡ ಮಗನಿಗೆ ನಾಚಿಕೆಯಾಗಬಾರದು ಎಂದು ಸಾಯುವವಳು ಮೀನಿನ ಸುದ್ದಿ ಕೇಳಿದಳು. ಆಗ ಅವಳ ಹೆಸರು ಬರೆದ ಪಾರ್ಸೆಲು ನಿನ್ನ ಕಪಾಟಿನಲ್ಲಿ ಇತ್ತು. ಆಣೆ ಹಾಕಿದ ತಪ್ಪು ನನ್ನದು, ನಾನು ಅದನ್ನು ಹೊತ್ತುಕೊಂಡೇ ಇದ್ದೇನೆ. ಆದರೆ ನಾನು ಮಾಡಿದ್ದು ಕೋಪದಲ್ಲಿ, ಒಂದು ದಿನ. ನೀನು ಇಪ್ಪತ್ತು ದಿನ ಬೆಳಿಗ್ಗೆ ಎದ್ದು ಅದನ್ನು ನೋಡಿದೆ.

ನಾನೂ ಒಂದು ವಿಷಯ ಹೇಳಿರಲಿಲ್ಲ, ಸರೋಜಳಿಗೂ ಹೇಳಿರಲಿಲ್ಲ. ಆ ವರ್ಷ ಪಾತ್ರಿಯನ್ನು ಕೇಳಲಿಕ್ಕೆ ಹೋದೆನಲ್ಲ, ಅವನು ಹೇಳಿದ್ದು ಒಂದು ಮಾತಲ್ಲ, ಎರಡು. “ಇಬ್ರೂ ಬರ್ಕ್, ಇಲ್ದಿರೆ ಒಬ್ಬ ಸತ್ತಿರ್ಕ್” ಎಂದ. ಒಬ್ಬ ಸತ್ತರೆ ಉಳಿದವನು ಸತ್ತವನ ಹೆಸರು ಹೇಳಿ ಒಂಟಿಯಾಗಿ ಕಾಯಿ ಎತ್ತಬಹುದು, ಆಣೆ ಅಲ್ಲಿಗೆ ಹೋಯಿತು. ಮತ್ತೊಬ್ಬ ಎಲ್ಲಿದ್ದಾನೆ ಎಂದು ಕೇಳಿದ. ನೀನು ಮುಂಬಯಿಯಲ್ಲಿ ಇದ್ದವ, ಇಲ್ಲಿ ಯಾರಿಗೆ ಗೊತ್ತಾಗುತ್ತಿತ್ತು? ಸತ್ತ ಎಂದು ಒಂದು ಮಾತು ಹೇಳಿದ್ದರೆ ಅವತ್ತೇ ಸಂಜೆ ಅಬ್ಬಿಯ ಪಕ್ಕ ಕೂತು ಹಾಡಬಹುದಿತ್ತು. ಬಾಯಿಗೆ ಬಂದದ್ದನ್ನು ನುಂಗಿ, “ಅವ ಬತ್ತ,” ಬಂದೇ ಬರುತ್ತಾನೆ ಎಂದೆ. ನಿನ್ನ ಆಯುಷ್ಯಕ್ಕೆ ಕೇಡಾದೀತು ಎಂದು ಹೆದರಿದೆ. ಅಬ್ಬಿಗೆ ಒಂದು ಹಾಡು ಕೊಡುವ ಬದಲು ನಿನಗೆ ಆಯುಷ್ಯ ಕೊಟ್ಟೆ. ಆಮೇಲೆ ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ ಮುಂಬಯಿ ರೈಲಿನ ಹೊತ್ತಿಗೆ ಗುಡಿಯ ಕಟ್ಟೆಯಲ್ಲಿ ಕೂತು ಕಾದೆ. ಅಬ್ಬಿ ಸತ್ತ ಮಂಗಳವಾರವೂ ನಾನು ಅಲ್ಲೇ ಇದ್ದೆ. ಸರೋಜ ಮಗುವನ್ನು ಎತ್ತಿಕೊಂಡು ಓಡಿ ಬಂದು ಹೇಳಿದಳು.

ನಿನ್ನೆ ಮಂಗಳವಾರ ಗುಡಿಗೆ ಹೋದೆ. ಪಾತ್ರಿ ಮುದುಕನಾಗಿದ್ದಾನೆ, ಆದರೆ ಮರೆತಿರಲಿಲ್ಲ. ಮತ್ತೊಬ್ಬ ಎಲ್ಲಿ ಎಂದು ಕೇಳಿದ. “ಅವ ಸತ್ತ” ಎಂದೆ. ಯಾವಾಗ ಎಂದ. 2003ರಲ್ಲಿ, ನನಗೆ ಗೊತ್ತಾದದ್ದು ಈಗ ಎಂದೆ. ಬೊಬ್ಬರ್ಯನ ಎದುರು ಸುಳ್ಳು ಹೇಳಿದವನು ಕಡಲಿಂದ ವಾಪಸು ಬರುವುದಿಲ್ಲ ಅನ್ನುತ್ತಾರೆ. ಇವತ್ತು ಬೆಳಿಗ್ಗೆ ಕಡಲಿಗೆ ಹೋಗಿ ಬಂದೇ ಇದನ್ನು ಬರೆಯುತ್ತಿದ್ದೇನೆ. ನನಗೆ ಅದು ಸುಳ್ಳು ಎಂದು ಅನ್ನಿಸಲೂ ಇಲ್ಲ.

ಕಾಯಿ ಎತ್ತಿದೆ. ಒಳಗೆ ನೀರು ಎಂದೋ ಆರಿಹೋಗಿತ್ತು, ಸಿಪ್ಪೆ ಹುಡಿಯಾಯಿತು. ಮನೆಗೆ ಬಂದು ಮಧ್ಯಾಹ್ನ ಬಲೆ ಒಣಗಿಸುವ ಅಂಗಳದಲ್ಲಿ ಕೂತು ಏಳು ಮಾರನ್ನೂ ಹಾಡಿದೆ. ಗಂಟಲು ಮೊದಲಿನ ಹಾಗಿಲ್ಲ, ನಾಲ್ಕನೇ ಮಾರಿನಲ್ಲಿ ಎರಡು ಸಲ ನಿಲ್ಲಿಸಬೇಕಾಯಿತು. ಮೋಕ್ಷಿತಾ, “ಬಚ್ಚ ಅಂದ್ರೆ ಯಾರ್ ಅಪ್ಪಾ?” ಎಂದು ಕೇಳಿದಳು. ಹೇಳಿದೆ. ಅಬ್ಬಿ ಇಲ್ಲದ ಮೇಲೆ ಆ ಹಾಡು ಯಾರಿಗೆ ಬೇಕು ಎಂದು ಸರೋಜಳನ್ನು ಕೇಳಿದೆ.

ನಿನ್ನ ಒಪ್ಪಿಗೆ ಪತ್ರವನ್ನು ಸಹಿ ಹಾಕದೆ ಇದರ ಜೊತೆ ವಾಪಸು ಇಟ್ಟಿದ್ದೇನೆ. ಆ ದನಿ ಅಬ್ಬಿಗಾಗಿ ಇದ್ದದ್ದು. ಅವಳಿಗೆ ಸಿಗದೇ ಇದ್ದದ್ದು ಯಾವ ದೇಶದವರಿಗೂ ಬೇಡ. ಅಶೋಕನಿಗೂ ಸುಬ್ಬನಿಗೂ ನಾನೇ ಹೇಳುತ್ತೇನೆ.

ನಿನ್ನ ಹೆಸರಿನಲ್ಲಿ ನಿನ್ನೆ ಕಡಲಲ್ಲಿ ಮೂರು ಮುಳುಗು ಹಾಕಿದ್ದೇನೆ. ಸೂತಕದ ಹತ್ತು ದಿನ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಇನ್ನು ಮೇಲೆ ಬರೆಯಬೇಡ. ಸತ್ತವರಿಂದ ಕಾಗದ ಬಂದರೆ ಮಗು ಹೆದರುತ್ತದೆ.

ಚಂದ್ರ